ಹತ್ತನೆಯ ಹೆಸರು

ಕಮಲಾಪುರದ ಜಯದೇವಿ ಬಿ.ಎ.ಗೆ ಸೇರಿದಾಗ ಅವಳಿಗೆ ಕನ್ನಡ ಮೇಡಂ ಆಗಬೇಕಿತ್ತು. ಬೇರೇನೂ ಬೇಕಿರಲಿಲ್ಲ. ಕಲಬುರಗಿಯ ಆ ಕಾಲೇಜಿನಲ್ಲಿ ಅದೇ ವರ್ಷ ಜರ್ಮನ್ ಹೊಸದಾಗಿ ಶುರುವಾಗುವುದಿತ್ತು. ಕನ್ನಡದ ಬದಲು ಅದನ್ನು ಹತ್ತು ಮಂದಿಯಾದರೂ ಆರಿಸಿಕೊಂಡರೆ ಮಾತ್ರ ತರಗತಿ. ಒಂಬತ್ತು ಹೆಸರು ಬಂದಿದ್ದವು. ಒಂಬತ್ತನೆಯದು ಅವಳ ಗೆಳತಿ ಪಂಚಶೀಲಾಳದು.

ಪಂಚಶೀಲಾಳ ತಾಯಿ ಶಿವಕಾಂತಮ್ಮ ಸೇಡಂ ರಸ್ತೆಯ ಆಸ್ಪತ್ರೆಯೊಂದರಲ್ಲಿ ನೆಲ ಒರೆಸುತ್ತಿದ್ದಳು. ಜರ್ಮನ್ ಬಂದರೆ ಪುಣೆಯ ಕಂಪನಿಗಳಲ್ಲಿ ಕೆಲಸ ಸಿಗುತ್ತದೆಂದು ಪಂಚಶೀಲಾ ತಿಳಿದುಕೊಂಡು ಬಂದಿದ್ದಳು.

“ನೀ ಒಬ್ಬಾಕಿ ಬರೆದ್ರ ಸಾಕು. ನಮ್ಮವ್ವನ ಕೈಯಾಗಿನ ಆ ಬಟ್ಟಿ ಬಿಡಸ್ತೀನಿ ನೋಡು.”

“ಮತ್ತ ನನ್ನ ಕನ್ನಡ?”

“ಹುಚ್ಚಿ, ಕನ್ನಡ ಎಲ್ಲಿ ಓಡಿಹೋಗ್ತದ? ಮನಿ ಮಾತದು. ಎಂ.ಎ.ದಾಗ ಓದು.”

ಜಯದೇವಿಗೂ ಹಾಗೇ ಅನ್ನಿಸಿತು. ಹುಟ್ಟಿದಾಗಿನಿಂದ ಆಡಿದ ಮಾತನ್ನು ಓದಬೇಡವೆಂದು ಯಾರು ತಡೆಯುತ್ತಾರೆ? ಹತ್ತನೆಯ ಹೆಸರು ಬರೆದಳು.

ಪಂಚಶೀಲಾಗೆ ಜರ್ಮನ್ ಬೇಗ ಒಲಿಯಿತು. ಜಯದೇವಿ ಪಾಸಾದಳು, ಅಷ್ಟೆ. ಸಂಜೆ ಕಮಲಾಪುರದ ಬಸ್ಸಿನಲ್ಲಿ ಅವಳ ತೊಡೆಯ ಮೇಲೆ ಇರುತ್ತಿದ್ದುದು ಕನ್ನಡ ಕವನಗಳ ಪುಸ್ತಕ. ಪದವಿ ಮುಗಿಯಿತು. ಪಂಚಶೀಲಾ ಪುಣೆಗೆ ಹೋದಳು. ಜಯದೇವಿ ಕನ್ನಡ ಎಂ.ಎ.ಯ ಅರ್ಜಿ ಹಿಡಿದು ಪ್ರವೇಶದ ಕೌಂಟರಿಗೆ ಹೋದಳು.

ಗುಮಾಸ್ತ ಖಮರುದ್ದೀನ್ ಅಂಕಪಟ್ಟಿಗಳನ್ನು ಎರಡೆರಡು ಸಲ ತಿರುವಿದರು.

“ಡಿಗ್ರಿದಾಗ ಕನ್ನಡ ತೊಗೊಂಡೇ ಇಲ್ಲಲ್ಲ, ಬೇಟಿ. ಸೀಟು ಕೊಡಾಕ ಬರಂಗಿಲ್ಲ.”

“ನಾ ಕನ್ನಡದಾಕೀನೇ ಇದ್ದೀನ್ರೀ ಸರ್.”

“ಅದು ನನಗ ಗೊತ್ತದವಾ. ಈ ಕಾಗದಕ್ಕ ಗೊತ್ತಿಲ್ಲ.” ಅವರು ನಗಲಿಲ್ಲ. ಅರ್ಜಿಯನ್ನು ಮೆಲ್ಲಗೆ ಅವಳ ಕಡೆ ಸರಿಸಿದರು.

ಅದೇ ಸಂಜೆ ಪಂಚಶೀಲಾಳ ಫೋನು ಬಂತು. ಅವ್ವ ಆಸ್ಪತ್ರೆಯ ಕೆಲಸ ಬಿಟ್ಟಳೆಂದು ಹೇಳುತ್ತ ಹೇಳುತ್ತಲೇ ಅತ್ತಳು. “ನೀ ಹೆಸರು ಬರಸಿದ್ದಕ್ಕ ಇದೆಲ್ಲ ಆಗ್ಯಾದ, ಜಯಾ. ನಿಂದು ಸೀಟು ಆತಿಲ್ಲೋ?”

“ಆತು,” ಎಂದಳು ಜಯದೇವಿ.

ಆಮೇಲೆ ಅವಳು ಕಮಲಾಪುರದ ಝೆರಾಕ್ಸ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತಳು. ಪ್ರತಿ ಭಾನುವಾರ ಗೆಳತಿ ಕೇಳುತ್ತಿದ್ದಳು, ಈ ವಾರ ಏನು ಪಾಠ ಆಯಿತೆಂದು. ಎಂ.ಎ. ಓದುವ ಹುಡುಗಿಯರು ಪ್ರತಿ ತೆಗೆಸಲು ತರುತ್ತಿದ್ದ ನೋಟ್ಸನ್ನು ಜಯದೇವಿ ಯಂತ್ರದ ಪಕ್ಕ ನಿಂತಲ್ಲೇ ಓದಿಕೊಳ್ಳುತ್ತಿದ್ದಳು. ಒಂದು ಕವಿತೆಯನ್ನಾದರೂ ಬಾಯಿಪಾಠ ಮಾಡಿ, ಭಾನುವಾರ ಫೋನಿನಲ್ಲಿ ಸಾಲು ಸಾಲಾಗಿ ಅರ್ಥ ಬಿಡಿಸಿ ಹೇಳುತ್ತಿದ್ದಳು. ಪಂಚಶೀಲಾ ನಡುವೆ ಮಾತಾಡದೆ ಕೇಳುತ್ತಿದ್ದಳು. ಕೊನೆಗೆ, “ಮೇಡಂ, ಇನ್ನೊಮ್ಮಿ ಹೇಳ್ರಿ,” ಎಂದು ಚೇಷ್ಟೆ ಮಾಡುತ್ತಿದ್ದಳು.

ಹೀಗೇ ಎರಡು ವರ್ಷ ತುಂಬಿದವು.

“ನಿನ್ನ ಘಟಿಕೋತ್ಸವ ಯಾವಾಗ?” ಕಳೆದ ಭಾನುವಾರ ಪಂಚಶೀಲಾ ಕೇಳಿದಳು. “ರಜಾ ಹಾಕಿ ಅವ್ವನ್ನೂ ಕರಕೊಂಡು ಬರ್ತೀನಿ. ಅವತ್ತು ಉಡ್ಲಿ ಅಂತ ನಿನಗೊಂದು ಸೀರಿ ತಂದಿಟ್ಟಾಳ ಅಕಿ.”

ಜಯದೇವಿ ನಿಜ ಹೇಳಬೇಕೆಂದು ಉಸಿರೆಳೆದುಕೊಂಡಳು.

“ಯಾವ ಬಣ್ಣದ್ದು?” ಎಂದು ಕೇಳಿದಳು.