ನಾರ್ಮಲ್ ಎಂದು ಕೊಟ್ಟ ಸ್ಯಾಂಪಲ್

ಮೊದಲು ನಾನು ಅನುಮಾನಪಟ್ಟದ್ದು ಕನ್ನಡಿಯ ಮೇಲೆ. ಬೆಳಿಗ್ಗೆ ಎದ್ದರೆ ಕಣ್ಣಿನ ಸುತ್ತ ಊತ ಕಾಣುತ್ತಿತ್ತು. ಆಮೇಲೆ ಚಪ್ಪಲಿಯ ಮೇಲೆ. ಕಾಲಿಗೆ ಬಿಗಿಯಾಗುತ್ತಿತ್ತು, ಅಂಗಡಿಯವನು ಅಳತೆ ತಪ್ಪಿಸಿ ಕೊಟ್ಟಿದ್ದಾನೆ ಅಂದುಕೊಂಡೆ. ಮೂತ್ರದಲ್ಲಿ ನೊರೆ ಕಂಡಾಗ ತಪ್ಪನ್ನು ಅವ್ವ ಸುರಿಯುವ ಫಿನಾಯಿಲ್‌ನ ತಲೆಗೆ ಕಟ್ಟಿದೆ. ಪುಣೆಯ ಸರಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಆರೋಗ್ಯ ವಿಜ್ಞಾನದ ಬಿ.ಎಸ್ಸಿ. ಓದುವವಳು ನಾನು, ಲ್ಯಾಬ್ ಟೆಕ್ನಾಲಜಿ ನನ್ನ ವಿಷಯ. ಇವೇ ಲಕ್ಷಣಗಳನ್ನು ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟಿದ್ದರೆ ಕಣ್ಣುಮುಚ್ಚಿ ಉತ್ತರ ಬರೆಯುತ್ತಿದ್ದೆ.

ನಮ್ಮ ಪ್ರ್ಯಾಕ್ಟಿಕಲ್‌ನಲ್ಲಿ ಒಂದು ರೂಢಿಯಿದೆ. ರೋಗಿಗಳ ಸ್ಯಾಂಪಲ್ ಆಸ್ಪತ್ರೆಯಿಂದ ಬರುತ್ತದೆ. ಹೋಲಿಸಿ ನೋಡಲು ಬೇಕಾದ ನಾರ್ಮಲ್ ಸ್ಯಾಂಪಲ್ಲನ್ನು ವಿದ್ಯಾರ್ಥಿಗಳಲ್ಲೇ ಒಬ್ಬರು ಕೊಡಬೇಕು. ಆ ದಿನ ನನ್ನ ಪಾಳಿ, ನನ್ನದನ್ನೇ ಎಲ್ಲರೂ ಹಂಚಿಕೊಂಡರು. ಮೂತ್ರವನ್ನು ಟ್ಯೂಬಿಗೆ ಹಾಕಿ, ಮೇಲ್ಭಾಗವನ್ನು ಉರಿಗೆ ಹಿಡಿಯಬೇಕು. ಬೆಳ್ಳಗಾದರೆ ಅಸಿಟಿಕ್ ಆ್ಯಸಿಡ್ ಹನಿಸಬೇಕು. ಬಿಳುಪು ಕರಗಿಹೋದರೆ ಅದು ಬರೀ ಲವಣ, ಚಿಂತೆಯಿಲ್ಲ. ಕರಗದೆ, ಬೆಂದ ಮೊಟ್ಟೆಯ ಹಾಗೆ ಕಟ್ಟಿದರೆ ಪ್ರೋಟೀನ್ ಸೋರುತ್ತಿದೆ ಎಂದರ್ಥ.

ಇಡೀ ಬ್ಯಾಚಿನ ನಾರ್ಮಲ್ ಟ್ಯೂಬುಗಳು ಬೆಳ್ಳಗೆ ಕಟ್ಟಿದವು.

ಆ್ಯಸಿಡ್ ಹಳೆಯದಾಗಿದೆ ಎಂದು ಮೇಡಂ ಬಾಟಲಿ ಬದಲಿಸಿದರು. ಟ್ಯೂಬ್ ಸರಿಯಾಗಿ ತೊಳೆದಿಲ್ಲ ಎಂದು ಮರಾಠಿಯಲ್ಲಿ ಬೈದರು. ತೊಳೆದೆವು, ಕಾಯಿಸಿದೆವು. ಮತ್ತೆ ಹಾಗೇ. ನಲ್ಲಿಯ ನೀರಿನ ಮೇಲೂ ಅನುಮಾನ ಬಂತು. ನಾರ್ಮಲ್ ಎಂದು ಚೀಟಿ ಅಂಟಿಸಿದ ಸ್ಯಾಂಪಲ್ ಮೇಲೆ ಮಾತ್ರ ಯಾರಿಗೂ ಬರಲಿಲ್ಲ. ನಾನು ಪಕ್ಕದಲ್ಲಿದ್ದ ಸುಜಾತಾಳನ್ನು ದುರುಗುಟ್ಟಿ ನೋಡಿದೆ. ಸೊಲ್ಲಾಪುರದ ಹುಡುಗಿ, ಮನೆಮಾತು ಕನ್ನಡ, ಚೇಷ್ಟೆ ಜಾಸ್ತಿ. ರೋಗಿಯ ಸ್ಯಾಂಪಲ್ಲನ್ನು ನನ್ನದರೊಳಗೆ ಬೆರೆಸಿದವಳು ಇವಳೇ ಇರಬೇಕು.

ಅವಳು ನನ್ನ ಮುಖ ನೋಡಿದಳು. ಬಗ್ಗಿ ಕಾಲು ನೋಡಿದಳು.

"ಗೌರೀ, ಆ್ಯಸಿಡ್ ಸರಿ ಅದ," ಅಂದಳು ಮೆಲ್ಲಗೆ. "ಸರಿ ಇಲ್ಲದಾಕಿ ನೀನ."

ಆಸ್ಪತ್ರೆಯಲ್ಲಿ ಬೋರಲು ಮಲಗಿಸಿ, ಬೆನ್ನಿಗೆ ಸೂಜಿ ಚುಚ್ಚಿ ಬಯಾಪ್ಸಿ ಮಾಡಿದರು. ಮಿನಿಮಲ್ ಚೇಂಜ್ ಡಿಸೀಸ್ ಎಂದು ರಿಪೋರ್ಟ್ ಬಂತು. ಕಿಡ್ನಿಯ ಜರಡಿ ಸಡಿಲಾಗಿದೆ, ಸ್ಟೆರಾಯ್ಡ್‌ಗೆ ಸಾಮಾನ್ಯವಾಗಿ ಬಗ್ಗುತ್ತದೆ ಎಂದರು ಡಾಕ್ಟರು. ಆ "ಸಾಮಾನ್ಯವಾಗಿ" ನನಗೆ ಹಿಡಿಸಲಿಲ್ಲ. ಅಪ್ಪನಿಗೂ ಹಿಡಿಸಲಿಲ್ಲ. ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಕ್ಲರ್ಕ್ ಆಗಿರುವ ಅಪ್ಪ ತರಕಾರಿಯವನ ತಕ್ಕಡಿಯನ್ನೂ ನಂಬುವವನಲ್ಲ.

"ಈ ಗುಳಿಗಿ ತಗೊಂಡ್ರ ಸೋಂಕು ಲಗೂನ ಹತ್ತತದ ಅಂತಾರ. ನೀ ನೋಡಿದ್ರ ದಿನಾ ಮಂದಿ ರಕ್ತ, ಕಫಾ ಮುಟ್ಟಾಕಿ. ಕಾಲೇಜು ಬಿಟ್ಟುಬಿಡು."

ಮೂತ್ರದ ಪ್ರೋಟೀನ್ ನಿಂತರೆ ಡೋಸ್ ಇಳಿಸಬಹುದು, ಆಗ ಜಾಗ್ರತೆಯಿಂದ ಓದು ಮುಂದುವರಿಸಲಿ ಎಂದರು ಡಾಕ್ಟರು. ಅಲ್ಲಿಯವರೆಗೆ ಮನೆ. ಉಪ್ಪಿಲ್ಲದ ಸಾರು ಉಣ್ಣುತ್ತ ಎಲ್ಲರ ಮೇಲೂ ಕಣ್ಣಿಟ್ಟೆ. ಹಾಲು ಹಳದಿ ಕಂಡರೆ ಮೂಸಿ ನೋಡುತ್ತಿದ್ದೆ. ಜೇಜುರಿಯ ಗುಡಿಯಿಂದ ತಂದ ಭಂಡಾರದ ಅರಿಶಿನವನ್ನು ಅವ್ವ ಬೆರೆಸುತ್ತಿದ್ದಳು. "ಚಿಟಿಕಿ ಅಷ್ಟ, ದೇವರದು," ಎಂದು ಆಣೆ ಬೇರೆ. ಅಪ್ಪ ಫೋನ್ ಹಿಡಿದು ಹೊರಗೆ ಹೋದರೆ, ನನ್ನ ಹೆಸರು ಕಾಲೇಜಿನಿಂದ ತೆಗೆಸುತ್ತಿದ್ದಾನೆ ಎಂದೇ ನನಗೆ ಅನಿಸುತ್ತಿತ್ತು. ಸ್ಟೆರಾಯ್ಡ್‌ಗೆ ಮುಖ ದುಂಡಗಾಗಿತ್ತು. ಕಾಯಿಲೆಗಿಂತ ಹೆಚ್ಚು ಹೆದರಿಸಿದ್ದು ಓದು ಕೈಬಿಟ್ಟು ಹೋಗುತ್ತದೆ ಎಂಬ ಯೋಚನೆ. ಅಳು ಬಂದಾಗ ಬಚ್ಚಲಿಗೆ ಹೋಗಿ ನಲ್ಲಿ ಬಿಡುತ್ತಿದ್ದೆ.

ಕೊನೆಗೆ ರಿಪೋರ್ಟಿನಲ್ಲಿ ಪ್ರೋಟೀನ್ "ನಿಲ್" ಎಂದು ಬಂತು. ಡಾಕ್ಟರು ನಕ್ಕರು. ಅಪ್ಪ ನಗಲಿಲ್ಲ.

"ಯಾರದೋ ಯಾರಿಗೋ ಕೊಟ್ಟಿರ್ತಾರ. ನೀ ಕಲತಾಕಿ ಹೌದಿಲ್ಲೋ? ನೀನ ಮಾಡಿ ನೋಡು."

ಮರುದಿನ ಮಾಸ್ಕ್ ಹಾಕಿಕೊಂಡು ಕಾಲೇಜಿಗೆ ಹೋದೆ. ಸುಜಾತಾ ನನ್ನ ಸ್ಯಾಂಪಲ್ ಕಾಯಿಸಲು ಕೈ ಚಾಚಿದಳು. ಕೊಡಲಿಲ್ಲ. ಕನಿಕರಪಟ್ಟು ಟ್ಯೂಬಿಗೆ ನೀರು ತುಂಬಿಬಿಟ್ಟರೆ? ನಾನೇ ಬರ್ನರ್ ಹಚ್ಚಿದೆ.

ಟ್ಯೂಬಿನ ಮೇಲ್ಭಾಗ ಬೆಳ್ಳಗಾಯಿತು.

ಸುಜಾತಾ ಆ್ಯಸಿಡ್ ಬಾಟಲಿಯನ್ನು ನನ್ನ ಕಡೆ ಸರಿಸಿದಳು. ಒಂದು ಹನಿ ಹಾಕಿದೆ. ಇನ್ನೊಂದು ಹಾಕಿದೆ. ಬಿಳುಪು ಎಳೆಎಳೆಯಾಗಿ ಇಳಿಯಿತು, ಕರಗಿತು. ಟ್ಯೂಬಿನ ಆಚೆಗೆ ಸುಜಾತಾಳ ಏಪ್ರನ್ ಗುಂಡಿ ಸ್ಪಷ್ಟವಾಗಿ ಕಂಡಿತು. ಬರೀ ಲವಣ. ಬೇರೆ ಟ್ಯೂಬ್ ತೊಳೆದು ಮತ್ತೆ ಮಾಡಿದೆ, ಅದೂ ತಿಳಿಯಾಯಿತು. ಅಂದು ನನ್ನ ಮುಖಕ್ಕೆ ಹೊಡೆದ ಹಾಗೆ ಸತ್ಯ ಹೇಳಿದ್ದಕ್ಕೆ ಅವಳಿಗೆ ಥ್ಯಾಂಕ್ಸ್ ಹೇಳಬೇಕೆನಿಸಿತು. ಬದಲಿಗೆ ಅವಳ ಕೈ ಹಿಡಿದುಕೊಂಡೆ.

ಇದು ಮರುಕಳಿಸುವ ಕಾಯಿಲೆ. ಡಾಕ್ಟರು ಮುಚ್ಚಿಟ್ಟಿಲ್ಲ. ಈಗಲೂ ಬೆಳಿಗ್ಗೆ ಕನ್ನಡಿ ನೋಡಿ, ಬೆರಳಿನಿಂದ ಕಾಲು ಒತ್ತಿ ನೋಡಿಯೇ ದಿನ ಶುರು. ಈಗ ಕನ್ನಡಿಯ ಮೇಲೆ ಅನುಮಾನವಿಲ್ಲ.

ಟ್ಯೂಬ್ ತಿಳಿಯಾದ ಆ ದಿನ ಲ್ಯಾಬಿನ ಹೊರಗೆ ನಿಂತು ಅಪ್ಪನಿಗೆ ಫೋನ್ ಮಾಡಿದೆ.

"ತಿಳಿ ಅದ ಅಪ್ಪಾ."

"ಎರಡು ಸಲ ಮಾಡಿದೇನು?"

"ಮಾಡೀನಿ."

"ನೀನ ಮಾಡಿದೇನು?"

"ನಾನ ಮಾಡೀನಿ."

ಅಪ್ಪ ಕಾರ್ಖಾನೆಯ ಸದ್ದಿನ ಮೇಲೆ ದನಿ ಏರಿಸಿದ.

"ಹಂಗಾರ, ನಾಳಿಂದ ಕಾಲೇಜಿಗೆ ಡಬ್ಬಿ ಕಟ್ಟಂತ ನಿಮ್ಮವ್ವಗ ಹೇಳ್ತೀನಿ."