ಆಫ್ರಿಕಾ ಕತ್ತರಿಸಿ ಒಗೆದ ರಾಜವಂಶ

“ಈ ಆಫ್ರಿಕಾ ಕತ್ತರಿಸಿ ಒಗೀರಿ. ಉಳಿದದ್ದಕ್ಕ ಗೋಲ್ಡ್ ಫ್ರೇಮ್ ಹಾಕ್ರಿ.”

ಹೊಸಪೇಟೆಯ ನನ್ನ ಫೋಟೋ ಫ್ರೇಮಿನ ಅಂಗಡಿಯಲ್ಲಿ ಆ ಗಿರಾಕಿ ದೊಡ್ಡದೊಂದು ನಕ್ಷೆ ಬಿಚ್ಚಿದಾಗ ನನಗೆ ತಲೆಬುಡ ಅರ್ಥವಾಗಲಿಲ್ಲ. ಸಂಡೂರಿನ ಅದಿರು ಮಣ್ಣು ಬಂಗಾರವಾಗಿದ್ದ ಕಾಲವದು. ಮೊನ್ನೆಮೊನ್ನೆ ಲಾರಿ ಓಡಿಸುತ್ತಿದ್ದವರು ಸಾಲು ಲಾರಿಗಳ ಒಡೆಯರಾಗಿದ್ದರು. ಹೊಸ ಬಂಗಲೆಗೆ ಹೊಸ ವಂಶವೂ ಬೇಕಾಗಿತ್ತು. ಅದಕ್ಕೇ ಈ ಗಿರಾಕಿ ತಮ್ಮ ಎಂಜಲನ್ನು ಅಮೆರಿಕಕ್ಕೆ ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿದ್ದರು. ತಾವು ಹಂಪಿ ಆಳಿದ ಅರಸರ ಕುಡಿಯೆಂದು ಅಲ್ಲಿಂದ ಬಂದ ಈ ನಕ್ಷೆಯಲ್ಲಿದೆಯಂತೆ!

ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಓದಿದೆ. ಅರಸರ ಹೆಸರು ಎಲ್ಲೂ ಇರಲಿಲ್ಲ. ಪೂರ್ವಜರು ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ನಡೆದು ಬಂದರೆಂದು ತೋರಿಸುವ ಒಂದು ಕೆಂಪು ಬಾಣವಿತ್ತು, ಅಷ್ಟೇ. ನನ್ನವರೂ ನಿಮ್ಮವರೂ ಬಂದದ್ದು ಅಲ್ಲಿಂದಲೇ.

ಹೇಳಿದಂತೆ ಕತ್ತರಿಸಿದೆ. ಬಾಣ ಈಗ ನೇರವಾಗಿ ಸಮುದ್ರದಿಂದ ಎದ್ದು ಬರುತ್ತಿತ್ತು.

ಅವರು ಹೊರಟಾಗ ನೆನಪಿಸಿದೆ, “ಸಾವ್ಕಾರ್ರೆ, ನಿಮ್ಮ ಅಪ್ಪಾರ ಫೋಟೋಕ್ಕ ಫ್ರೇಮ್ ಹಾಕಿ ಭಾಳ ದಿನ ಆತ್ರಿ. ಒಯ್ರಿ.”

ತಲೆಗೆ ಟವೆಲ್ ಸುತ್ತಿ, ಎತ್ತಿನ ಬಂಡಿಯ ಪಕ್ಕ ನಿಂತಿದ್ದ, ತೀರಿಹೋದ ತಂದೆಯ ಫೋಟೋವನ್ನು ಅವರು ತಿರುಗಿಯೂ ನೋಡಲಿಲ್ಲ.

“ಇಲ್ಲೇ ಇರ್ಲಿ ಬಿಡ್ರಿ. ಹಾಲ್‌ನಾಗ ಇದರ ಬಾಜು ಅದು ಚಂದ ಕಾಣಂಗಿಲ್ಲ.”

ಆ ಫೋಟೋ ಇವತ್ತಿಗೂ ನನ್ನ ಅಂಗಡಿಯ ಗೋಡೆಯ ಮೇಲಿದೆ. ಬೆಳಿಗ್ಗೆ ದೇವರಿಗೆ ಊದಿನಕಡ್ಡಿ ಬೆಳಗಿದ ಮೇಲೆ ಆ ಹಿರಿಯರಿಗೂ ಬೆಳಗುತ್ತೇನೆ. ಅವರ ರಾಜವಂಶದಲ್ಲಿ ಆ ಕೆಲಸಕ್ಕೆ ಯಾರೂ ಇಲ್ಲವಲ್ಲ.