ಎರಡು ಪಟ್ಟಿನ ಗಿಡ

ಹುಮನಾಬಾದಿನಲ್ಲಿ ಬಸ್ಸು ನಿಂತಾಗ ಚಹಾ ಕುಡಿಯಲು ಇಳಿದೆ. ಹಿಮಾಲಯದಿಂದ ತಂದ ವತ್ಸನಾಭಿ ಗಿಡದ ಕುಂಡವನ್ನು ಪಕ್ಕದಲ್ಲಿಟ್ಟುಕೊಂಡೆ. ಬೆಟ್ಟದ ಬುಡದಲ್ಲಿ ಬೆಳೆಯುವ ಇದೇ ಜಾತಿಯ ಗಿಡಕ್ಕಿಂತ ಹಿಮ ಬೀಳುವ ಎತ್ತರದ ಈ ಗಿಡಕ್ಕೆ ವರ್ಣತಂತುಗಳು ಎರಡು ಪಟ್ಟು. ಚಳಿ ತಾಳಲು ಅದೇ ನೆರವಾಯಿತೇ ಎಂದು ಹುಡುಕುವುದು ನನ್ನ ಕೆಲಸ.

ಅಷ್ಟರಲ್ಲಿ ಒಂದು ಆಡು ಕುಂಡಕ್ಕೆ ಬಾಯಿ ಹಾಕಿತು. ಬಸವಕಲ್ಯಾಣದ ಸಂತೆಗೆ ಹೊರಟಿದ್ದ ಅದರ ಒಡತಿ ನೀಲಮ್ಮ ಓಡಿ ಬಂದು, ಅದರ ಬಾಯಿಗೆ ಕೈಹಾಕಿ ಜಗಿದ ಎಲೆಯನ್ನು ಎಳೆದು ತೆಗೆದಳು.

"ಮುಟ್ಟಬೇಡಮ್ಮ, ವಿಷ!" ಎಂದು ಕೂಗುವಷ್ಟರಲ್ಲಿ ತಡವಾಗಿತ್ತು.

ನಲ್ಲಿಯ ಕೆಳಗೆ ಅವಳ ಕೈಗೆ ಸಾಬೂನು ಹಚ್ಚಿ ತಿಕ್ಕುತ್ತಾ, ಅದು ಎಂಥ ಗಿಡ, ಅದರಲ್ಲಿ ಏನು ಎರಡು ಪಟ್ಟು ಎಂದು ಹೇಳಿದೆ.

"ಎರಡು ಪಟ್ಟು ಅಂದ್ರ ವಿಷಾನೂ ಎರಡು ಪಟ್ಟು ಏನ್ರಿ?"

"ಗೊತ್ತಿಲ್ಲಮ್ಮ. ಇನ್ನೂ ಅಳೆದಿಲ್ಲ."

ಅವಳು ಬೆರಳು ಮಡಚಿ ಬಿಚ್ಚಿದಳು. "ಬೆರಳು ಜುಂ ಅನ್ನಾಕತ್ತಾವ್ರಿ," ಎಂದಳು.

ಆಟೊ ಹಿಡಿದು ಆಸ್ಪತ್ರೆಗೆ ಹೋದೆವು. ಆಡನ್ನು ಬಿಟ್ಟು ಬರಲು ಅವಳು ಒಪ್ಪಲಿಲ್ಲ. ವೈದ್ಯರು ಎದೆಬಡಿತ ನೋಡಿ, ಇಲ್ಲೇ ಕೂತಿರಿ ಎಂದರು. ವರಾಂಡದಲ್ಲಿ ಕೂತು ನಾನು ಒಮ್ಮೆ ಅವಳ ತುಟಿಯ ಬಣ್ಣ ನೋಡುತ್ತಿದ್ದೆ, ಒಮ್ಮೆ ನಡುಗುತ್ತಿದ್ದ ಆಡಿನ ಕಾಲು ನೋಡುತ್ತಿದ್ದೆ. ನನ್ನ ಬಸ್ಸು ಆಗಲೇ ಹೋಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಆಡು ಮೆಲುಕು ಹಾಕತೊಡಗಿತು. ನೀಲಮ್ಮ ಅದರ ಕಿವಿಯನ್ನು ಬೆರಳಲ್ಲಿ ಹಿಡಿದು ನೋಡಿದಳು.

"ಬೆಚ್ಚಗ ಅದ ರೀ," ಎಂದಳು. "ಈಗ ಬೆರಳಿಗೆ ಗೊತ್ತಾಗಾಕತ್ತದ."